ಹರ್ನಿಯಾ ಆಪರೇಷನ್ ಆದಮೇಲೂ ಬಿಡದ ನೋವು: ನನಗೆ ಹಿಡಿತ ಸಿಕ್ಕಿದ್ದು ಹೀಗೆ

ಹರ್ನಿಯಾ ಜಾಗಕ್ಕೆ ಬಲ ಕೊಡುವ ಜಾಲರಿ (ಮೆಶ್) ಹಾಕಿಸಿಕೊಂಡು, ಹೊಲಿಗೆ ಒಣಗಿ, ಮೂರು ತಿಂಗಳು ದಾಟಿದರೂ ತೊಡೆಸಂದಿನ ಉರಿ ಹೋಗದವರಿಗೆ ಇದನ್ನು ಬರೆಯುತ್ತಿದ್ದೇನೆ. ನೋವು ಹೇಗಿರುತ್ತೆ ಅಂತ ನಿಮಗೆ ಗೊತ್ತು, ಅಲ್ವಾ? ಪ್ಯಾಂಟಿನ ಬಟ್ಟೆ ತಾಗಿದರೆ ಚುರ್ ಅನ್ನುತ್ತೆ, ಕೆಮ್ಮಿದರೆ ಚಳಕು ಹೊಡೆಯುತ್ತೆ. ನಾನು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವನು. ಇನ್ನು ಮಂಡಿ ಕೆಲಸ ನಿನ್ನಿಂದಾಗಲ್ಲ ಅಂದವರೇ ಜಾಸ್ತಿ. ಈಗ ಅವರೆದುರೇ ನಿಂತು ಕೆಲಸ ಮಾಡುತ್ತಿದ್ದೇನೆ.

ಆಪರೇಷನ್‌ಗೆ 60 ಸಾವಿರದ ಹತ್ತಿರ ಆಗಿತ್ತು. ಆಮೇಲೆ ನೋವಿಗೆ ಸುರಿದದ್ದು ಅದಕ್ಕಿಂತ ಜಾಸ್ತಿ. ಸ್ಕ್ಯಾನಿಂಗ್ ಮಾಡಿಸಿದಾಗಲೆಲ್ಲ ಎಲ್ಲ ನಾರ್ಮಲ್ ಅಂತಲೇ ಬರುತ್ತಿತ್ತು. ಆಪರೇಷನ್ ಮಾಡಿದ ಡಾಕ್ಟರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದು ಕಳಿಸಿದರು. ಆ ಮಾತು ನೋವಿಗಿಂತ ಜಾಸ್ತಿ ಸುಟ್ಟಿತು. ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ನುಂಗಿ ಹೊಟ್ಟೆ ಕೆಟ್ಟಿತು, ಉರಿ ಮಾತ್ರ ಹಾಗೇ ಇತ್ತು. ಎಣ್ಣೆ, ಕರೆಂಟ್ ಶಾಖ, ಬೆಲ್ಟು, ಯಾವುದನ್ನೂ ಬಿಡಲಿಲ್ಲ.

ದಾರಿ ತೆರೆದಿದ್ದು ಬೆಂಗಳೂರಿನ ಪೇನ್ ಕ್ಲಿನಿಕ್ಕಿನಲ್ಲಿ. ಅಲ್ಟ್ರಾಸೌಂಡ್ ನೋಡಿಕೊಂಡೇ ತೊಡೆಸಂದಿಗೆ ಹೋಗುವ ಇಲಿಯೋಇಂಗ್ವಿನಲ್ ಅನ್ನೋ ನರದ ಪಕ್ಕಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಸುಮಾರು ಆರೇಳು ಸಾವಿರ ಆಯಿತು. ಸ್ವಲ್ಪ ಹೊತ್ತಿಗೇ ಉರಿ ನಿಂತಿತು. ಮಂಚದಿಂದ ಇಳಿದು, ಕಾಲು ಚಾಚಿ, ಬಗ್ಗಿ ಚಪ್ಪಲಿ ಹಾಕಿಕೊಂಡೆ. ಸಂಜೆಗೆ ನೋವು ವಾಪಸ್ ಬಂತು, ಆದರೆ ತೊಂದರೆ ಕೊಡುತ್ತಿರುವ ನರ ಯಾವುದು ಅಂತ ಗೊತ್ತಾಗಿತ್ತು. ರಾತ್ರಿಗೆ ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ 75 ಮಿ.ಗ್ರಾಂ ಮಾತ್ರೆ ಶುರುವಾಯಿತು. ಬೆಳಗ್ಗೆ ತಲೆ ತೂಗುತ್ತಿತ್ತು, ತೂಕವೂ ಮೂರ್ನಾಲ್ಕು ಕೆಜಿ ಏರಿತು. ಅದನ್ನು ಡಾಕ್ಟರನ್ನು ಕೇಳದೆ ಒಂದೇ ಸಲಕ್ಕೆ ನಿಲ್ಲಿಸಬೇಡಿ.

ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಿದ್ದು ಗಡಿಯಾರ. ನೋವು ಬರುವ ತನಕ ಕೆಲಸ ಮಾಡಿ ಆಮೇಲೆ ಎರಡು ದಿನ ಮಲಗುವುದು ನಮ್ಮೆಲ್ಲರ ಪಾಡು. ನಾನು ಟೈಮ್ ನೋಡಿ ನಿಲ್ಲಿಸತೊಡಗಿದೆ. ಮೊದಲು ಹತ್ತು ನಿಮಿಷ ನಿಲ್ಲುವುದು, ಚೆನ್ನಾಗಿದ್ದರೂ ಕೂತುಬಿಡುವುದು. ಮಂಡಿಯಲ್ಲಿ ಎಲ್ಲರೂ ಮೈಗಳ್ಳ ಅಂದರು. ವಾರಕ್ಕೆ ಒಂದೆರಡು ನಿಮಿಷ ಏರಿಸುತ್ತಾ ಬಂದೆ, ವರ್ಷ ಹಿಡಿಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಉರಿಯುವ ಚರ್ಮದ ಮೇಲೆ ದಿನಾ ಹಳೇ ಪಂಚೆ, ಆಮೇಲೆ ಟವೆಲ್, ಆಮೇಲೆ ಒರಟು ಬಟ್ಟೆ ಮೆಲ್ಲಗೆ ಆಡಿಸುವುದು. ಚುರ್ ಅನ್ನುವುದು ಅರ್ಧಕ್ಕರ್ಧ ಇಳಿಯಿತು. ಚರ್ಮದ ಮೇಲೆ ಸಣ್ಣಗೆ ಕರೆಂಟ್ ಕೊಟ್ಟು ನೋವು ತಗ್ಗಿಸುವ ಟೆನ್ಸ್ ಮೆಷಿನ್ನಿಗೆ ಎರಡೂವರೆ ಸಾವಿರ ಕೊಟ್ಟೆ, ಆರಾಮ ಸಿಕ್ಕಿದ್ದು ಹಚ್ಚಿದಷ್ಟು ಹೊತ್ತು ಅಷ್ಟೇ. ರಾತ್ರಿ ಮಗ್ಗುಲು ಬದಲಿಸಲು ನನ್ನದೇ ಒಂದು ಉಪಾಯ ಇದೆ, ಅದನ್ನು ಬರೆದು ತಿಳಿಸೋಕಾಗಲ್ಲ, ಎದುರಿಗೆ ಸಿಕ್ಕರೆ ತೋರಿಸುತ್ತೇನೆ.

ಕೆಮ್ಮಿದಾಗ ಈಗಲೂ ಚಳಕು ಇದೆ. ನರ ಕತ್ತರಿಸುವ ಆಪರೇಷನ್ ಮಾಡಬಹುದು ಅಂತಾರೆ, ಸದ್ಯಕ್ಕೆ ಬೇಡ ಅಂದಿದ್ದೇನೆ.