ಹೀಥ್ರೂನಿಂದ ಲಂಡನ್ ಊರೊಳಗೆ: ನಾನು ರೈಲು ಆರಿಸುವ ರೀತಿ

ಹೀಥ್ರೂ ವಿಮಾನ ನಿಲ್ದಾಣದಿಂದ ಲಂಡನ್ ಊರೊಳಗೆ ಹೋಗಲು ಮೂರು ಬಗೆಯ ರೈಲುಗಳಿವೆ. ಪಿಕ್ಕಡಿಲಿ ಲೈನ್ ಮೆಟ್ರೋ, ಎಲಿಜಬೆತ್ ಲೈನ್, ಹೀಥ್ರೂ ಎಕ್ಸ್‌ಪ್ರೆಸ್. ಯಾವುದು ಬೇಗ ಅಂತ ಕೇಳಿದರೆ ಉತ್ತರ ಸುಲಭ, ಎಕ್ಸ್‌ಪ್ರೆಸ್. ಟರ್ಮಿನಲ್ 2 ಮತ್ತು 3ರ ನಿಲ್ದಾಣದಲ್ಲಿ ಹತ್ತಿದರೆ 15 ನಿಮಿಷಕ್ಕೆ ಊರೊಳಗಿನ ಪ್ಯಾಡಿಂಗ್ಟನ್ ರೈಲು ನಿಲ್ದಾಣ. ಆದರೆ ಮೂರರಲ್ಲೂ ಓಡಾಡಿದ ಮೇಲೆ ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಪ್ಯಾಡಿಂಗ್ಟನ್ ಪಕ್ಕದಲ್ಲೇ ಉಳಿದುಕೊಳ್ಳುವವರಿಗೆ ಅದು ಸರಿ. ಮಿಕ್ಕವರು ಅಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು, ಇನ್ನೊಂದು ರೈಲು ಹುಡುಕಬೇಕು. ಉಳಿಸಿದ ಸಮಯವೆಲ್ಲ ಅಲ್ಲೇ ಕರಗಿಹೋಗುತ್ತದೆ.

ಅದಕ್ಕೇ ನಾನು ಮೊದಲು ನೋಡುವುದು ಹೋಟೆಲ್ ಹತ್ತಿರದ ನಿಲ್ದಾಣ ಯಾವುದು ಅಂತ. ಎರಡನೆಯದು, ಆ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್‌ನಿಂದ ರಸ್ತೆವರೆಗೂ ಲಿಫ್ಟ್ ಇದೆಯಾ ಅಂತ. ಲಂಡನ್ ಮೆಟ್ರೋ ನಕ್ಷೆಯಲ್ಲಿ ಮೆಟ್ಟಿಲಿಲ್ಲದ ನಿಲ್ದಾಣಗಳಿಗೆ ಗಾಲಿಕುರ್ಚಿಯ ಗುರುತು ಹಾಕಿರುತ್ತಾರೆ. ಗಾಲಿಕುರ್ಚಿ ಬೇಕಾದವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ. 23 ಕಿಲೋ ಪೆಟ್ಟಿಗೆ ಇರುವ ಎಲ್ಲರಿಗೂ ಅದು ಬೇಕು.

ಟಿಕೆಟ್ ವಿಷಯ ಮನೆಯಲ್ಲೇ ಮುಗಿಸಿಕೊಂಡು ಹೊರಡಬಹುದು. ಮೂರೂ ರೈಲಿಗೆ ಗೇಟಿನ ಹಳದಿ ದುಂಡು ರೀಡರ್ ಮೇಲೆ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು. ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್ ನಡೆಯುತ್ತವೆ. ಆದರೆ ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆಯೂ, ಮುಟ್ಟಿಸಿ ಪಾವತಿ ಮಾಡುವ ಸೌಲಭ್ಯವೂ ನಾವಾಗಿಯೇ ಆನ್ ಮಾಡುವವರೆಗೆ ಆಫ್ ಆಗಿರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಆನ್ ಮಾಡಿಕೊಳ್ಳಿ. ತಲೆಗೊಂದು ಕಾರ್ಡ್ ಬೇಕು, ಒಂದನ್ನೇ ಎಲ್ಲರಿಗೂ ಮುಟ್ಟಿಸಲು ಆಗುವುದಿಲ್ಲ. ಒಳಗೆ ಬರುವಾಗ ಕಾರ್ಡ್, ಹೊರಗೆ ಹೋಗುವಾಗ ಅದೇ ಕಾರ್ಡ್ ಇರುವ ಫೋನ್ ಮುಟ್ಟಿಸುವುದೂ ಬೇಡ. ಯಂತ್ರದ ಲೆಕ್ಕದಲ್ಲಿ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರು, ಜಾಸ್ತಿ ದುಡ್ಡು ಹೋಗುತ್ತದೆ. 11 ವರ್ಷದೊಳಗಿನ ಮಕ್ಕಳು ದೊಡ್ಡವರ ಜೊತೆಗಿದ್ದರೆ ಮೆಟ್ರೋದಲ್ಲಿ ಟಿಕೆಟ್ ಬೇಡ.

ಒಬ್ಬನೇ ಹೋದಾಗ ನನ್ನ ಆಯ್ಕೆ ಪಿಕ್ಕಡಿಲಿ ಲೈನ್. ಅದು 1977ರಿಂದಲೂ ಹೀಥ್ರೂಗೆ ಬರುತ್ತಿದೆ, ಮೂರರಲ್ಲಿ ಎಲ್ಲಕ್ಕಿಂತ ಅಗ್ಗ. 2025ರಲ್ಲಿ ಊರ ನಡುವಿಗೆ 6 ಪೌಂಡಿಗಿಂತ ಕಡಿಮೆ ಇತ್ತು. ಎಲಿಜಬೆತ್ ಲೈನ್‌ನಲ್ಲಿ ಸುಮಾರು 14, ಎಕ್ಸ್‌ಪ್ರೆಸ್‌ನಲ್ಲಿ ಹತ್ತುವ ಹೊತ್ತಿಗೆ ತೆಗೆದರೆ 25. ಮೆಟ್ರೋದಲ್ಲಿ ಪಿಕ್ಕಡಿಲಿ ಸರ್ಕಸ್‌ಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಬೋಗಿ ಚಿಕ್ಕದು, ಚಾವಣಿ ಬಾಗಿಕೊಂಡಿದೆ, ಹಳೆಯ ಬೋಗಿಗಳಲ್ಲಿ ಎಸಿ ಇಲ್ಲ, ಲಗೇಜ್ ಇಡುವ ರ‍್ಯಾಕ್ ಕೂಡ ಇಲ್ಲ. ಪೆಟ್ಟಿಗೆ ಕಾಲ ನಡುವೆ ಹಿಡಿದು ಕೂರಬೇಕು. ಆದರೆ ಹತ್ತುವುದೇ ಲೈನಿನ ತುದಿಯಲ್ಲಾದ್ದರಿಂದ ಸೀಟು ಸಿಗುತ್ತದೆ, ಅದು ದೊಡ್ಡದು. ವಿಕ್ಟೋರಿಯಾ ಅಥವಾ ವೆಸ್ಟ್‌ಮಿನ್‌ಸ್ಟರ್ ಕಡೆ ಹೋಗುವುದಾದರೆ ಹ್ಯಾಮರ್‌ಸ್ಮಿತ್ ಅಥವಾ ಬ್ಯಾರನ್ಸ್ ಕೋರ್ಟ್‌ನಲ್ಲಿ ಇಳಿದು, ಅದೇ ಪ್ಲಾಟ್‌ಫಾರ್ಮಿನ ಆ ಬದಿಗೆ ಬರುವ ಡಿಸ್ಟ್ರಿಕ್ಟ್ ಲೈನ್ ಹತ್ತುತ್ತೇನೆ. ಒಂದು ಮೆಟ್ಟಿಲೂ ಹತ್ತಬೇಕಿಲ್ಲ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಹೋಟೆಲ್ ಇದ್ದದ್ದು ರಸೆಲ್ ಸ್ಕ್ವೇರ್ ಹತ್ತಿರ. ನಕ್ಷೆ ನೋಡಿದರೆ ಪಿಕ್ಕಡಿಲಿ ಲೈನ್ ನೇರ ಅಲ್ಲಿಗೇ ಹೋಗುತ್ತದೆ, ರೈಲು ಬದಲಿಸುವ ಕೆಲಸವೇ ಇಲ್ಲ. ಆದರೆ ಆ ನಿಲ್ದಾಣಕ್ಕೆ ಗಾಲಿಕುರ್ಚಿ ಗುರುತಿಲ್ಲ. ಲಿಫ್ಟ್ ಇದೆ, ಆದರೆ ಪ್ಲಾಟ್‌ಫಾರ್ಮ್‌ನಿಂದ ಆ ಲಿಫ್ಟ್‌ವರೆಗೆ ಮೆಟ್ಟಿಲುಗಳಿವೆ. ಅಮ್ಮನಿಗೆ ಮಂಡಿನೋವು. ಹಾಗಾಗಿ ಎಲಿಜಬೆತ್ ಲೈನ್ ಹತ್ತಿ ಟಾಟೆನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿದೆವು. 2022ರಲ್ಲಿ ಶುರುವಾದ ಲೈನ್ ಇದು. ಎಸಿ ಇದೆ, ಬೋಗಿ ಅಗಲ, ಊರ ನಡುವಿನ ನಿಲ್ದಾಣಗಳಲ್ಲಿ ರೈಲಿನ ನೆಲವೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟ. ಪೆಟ್ಟಿಗೆ ಎತ್ತುವ ಮಾತೇ ಇಲ್ಲ. ಲಿಫ್ಟ್‌ನಲ್ಲಿ ಮೇಲೆ ಬಂದು, ಅಲ್ಲಿಂದ ಹೋಟೆಲ್‌ಗೆ ಕಪ್ಪು ಟ್ಯಾಕ್ಸಿ ಹಿಡಿದೆವು. ಹತ್ತಿರದ ದಾರಿ, ಮೀಟರ್ ಜಾಸ್ತಿ ಓಡಲಿಲ್ಲ. ವಿಮಾನ ನಿಲ್ದಾಣದಿಂದಲೇ ಟ್ಯಾಕ್ಸಿ ಮಾಡಿದ್ದರೆ ಹಲವು ಪಟ್ಟು ಆಗುತ್ತಿತ್ತು, ಮೇಲೆ ಟ್ರಾಫಿಕ್ ಬೇರೆ. ದಾರಿಯಲ್ಲಿ ಸೌತಾಲ್ ನಿಲ್ದಾಣದ ಬೋರ್ಡಿನಲ್ಲಿ ಇಂಗ್ಲಿಷ್ ಜೊತೆ ಗುರುಮುಖಿ ಅಕ್ಷರ ಕಂಡು ಅಪ್ಪನಿಗೆ ಖುಷಿಯೋ ಖುಷಿ. "ನೋಡೋ, ಇಲ್ಲೂ ನಮ್ಮವರೇ!" ಅಂದರು.

ಈ ಲೈನಿನಲ್ಲಿ ಎಚ್ಚರ ಬೇಕಾದ ಜಾಗ ಒಂದಿದೆ. ಹೀಥ್ರೂನಲ್ಲಿ ಎಲಿಜಬೆತ್ ಲೈನ್ ಮತ್ತು ಎಕ್ಸ್‌ಪ್ರೆಸ್ ಎರಡೂ ಒಂದೇ ನಿಲ್ದಾಣದಿಂದ ಹೊರಡುತ್ತವೆ. ಎರಡೂ ಪ್ಯಾಡಿಂಗ್ಟನ್ ಕಡೆಗೇ. ಕಾರ್ಡ್ ಮುಟ್ಟಿಸಿ ಒಳಗೆ ಬಂದವರು ಸುಮ್ನೆ ಮೊದಲು ಬಂದ ರೈಲು ಹತ್ತಿಬಿಟ್ಟರೆ, ಅದು ಎಕ್ಸ್‌ಪ್ರೆಸ್ ಆಗಿದ್ದರೆ, ಪ್ಯಾಡಿಂಗ್ಟನ್‌ನಲ್ಲಿ ಹೊರಬರುವಾಗ ಪೂರ್ತಿ ದರ ಕಟ್ಟಾಗುತ್ತದೆ. ರೈಲು ಬರುವ ಮುಂಚೆ ತಲೆಯ ಮೇಲಿನ ಬೋರ್ಡ್ ಓದಿಕೊಳ್ಳಿ. ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಮಾತ್ರ ಹೋಗುವುದಾದರೆ ಇವೆರಡರಲ್ಲೂ ಪ್ರಯಾಣ ಉಚಿತ.

ತಡರಾತ್ರಿ ಇಳಿದರೆ ಲೆಕ್ಕ ಬೇರೆ. ಪಿಕ್ಕಡಿಲಿ ಲೈನ್ ರಾತ್ರಿಯಿಡೀ ಓಡುವುದು ಶುಕ್ರವಾರ, ಶನಿವಾರ ಮಾತ್ರ, ಅದೂ ಟರ್ಮಿನಲ್ 4ಕ್ಕೆ ಹೋಗುವುದಿಲ್ಲ. ಮಿಕ್ಕ ರಾತ್ರಿಗಳಲ್ಲಿ ಎನ್9 ಬಸ್ ಇದೆ. ನಿಧಾನ, ಆದರೆ ಅಗ್ಗ.

ವಾಪಸ್ ಬರುವಾಗ ವಿಮಾನದ ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆ ನೋಡಿಕೊಂಡೇ ರೈಲು ಹತ್ತಿ. ಟರ್ಮಿನಲ್ 4 ಮತ್ತು 5ರ ಹಳಿಗಳು ಬೇರೆ ಬೇರೆ ಕವಲು. ಎಕ್ಸ್‌ಪ್ರೆಸ್ ಅಂತೂ 4ಕ್ಕೆ ಹೋಗುವುದೇ ಇಲ್ಲ. ಟರ್ಮಿನಲ್ 4ರಿಂದ ಹೊರಡುವವರು ಅದರಲ್ಲಿ ಬಂದರೆ 2 ಮತ್ತು 3ರ ನಿಲ್ದಾಣದಲ್ಲಿ ಇಳಿದು ಎಲಿಜಬೆತ್ ಲೈನ್ ಹಿಡಿಯಬೇಕು.