ಕೆಟ್ಟ ಕಾಲಕ್ಕೊಂದು ಊರು: ಹುಡುಕೋದು ಹೇಗೆ?

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬೆಳಗಾದರೆ ಒಂದೇ ಪ್ರಶ್ನೆ: ‘ಟ್ಯಾಂಕರ್ ಬಂತಾ?’ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ನಗರದ ಸುಮಾರು 13,900 ಬೋರ್‌ವೆಲ್‌ಗಳ ಪೈಕಿ 6,900 ಬತ್ತಿದ್ದವು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗ ಯಾರೋ ಕೇಳಿದರು, ‘ಇದು ಎರಡು ತಿಂಗಳಲ್ಲ, ಎರಡು ವರ್ಷ ನಡೆದರೆ ಎಲ್ಲಿಗೆ ಹೋಗ್ತೀರಿ?’ ಅರ್ಧ ಜನ ನಗುವ ಇಮೋಜಿ ಹಾಕಿದರು. ಇನ್ನರ್ಧ ಜನ ಸಕಲೇಶಪುರದ ಕಡೆ ಜಾಗ ಹುಡುಕಲು ಹೊರಟರು. ನಾನು ಎರಡನೇ ಗುಂಪಿನವನು.

ಜಾಗ ಇನ್ನೂ ಕೊಂಡಿಲ್ಲ. ಆದರೆ ಹೇಗೆ ಹುಡುಕಬಾರದು ಅನ್ನುವುದು ಚೆನ್ನಾಗಿ ಗೊತ್ತಾಗಿದೆ. ನೀವೂ ಆ ಯೋಚನೆಯಲ್ಲಿದ್ದರೆ ಈ ಕ್ರಮದಲ್ಲಿ ಹೋಗಿ.

1. ಯಾವುದಕ್ಕೆ ಹೆದರುತ್ತಿದ್ದೀರಿ ಅಂತ ಬರೆಯಿರಿ

‘ಎಲ್ಲ ಕುಸಿದು ಬಿದ್ದರೆ’ ಅಂತ ಸುಮ್ನೆ ಹೇಳಿದರೆ ಊರು ಸಿಗುವುದಿಲ್ಲ. ಏನು ಕುಸಿಯುತ್ತದೆ ಅನ್ನುವುದರ ಮೇಲೆ ಯಾವ ಕಡೆ ಹೋಗಬೇಕು ಅನ್ನುವುದೇ ಬದಲಾಗುತ್ತದೆ.

ನಮ್ಮದೇ ಚರಿತ್ರೆ ನೋಡಿ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಹಳ್ಳಿಯ ಜನ ಬೆಂಗಳೂರಿನ ಕಡೆ ನಡೆದು ಬಂದರು. ರೈಲಿನಲ್ಲಿ ಧಾನ್ಯ ಬರುತ್ತಿದ್ದದ್ದು, ಗಂಜಿ ಕೇಂದ್ರ ಇದ್ದದ್ದು ಇಲ್ಲಿ. ಎರಡು ದಶಕ ಕಳೆದು 1898ರಲ್ಲಿ ಪ್ಲೇಗ್ ಬಂದಾಗ ಇದೇ ಬೆಂಗಳೂರನ್ನು ಬಿಟ್ಟು ಜನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಒಂದೇ ನಗರ. ಒಮ್ಮೆ ಜನ ಇದರ ಒಳಗೆ ಓಡಿದರು, ಇನ್ನೊಮ್ಮೆ ಹೊರಗೆ.

ಇತ್ತೀಚಿನ ಉದಾಹರಣೆ ಬೇಕಾದರೆ 2022ರ ಶ್ರೀಲಂಕಾ. ಅಲ್ಲಿ ಯುದ್ಧ ಆಗಲಿಲ್ಲ, ಭೂಕಂಪ ಆಗಲಿಲ್ಲ. ಡಾಲರ್ ಖಾಲಿಯಾಯಿತು, ಅಷ್ಟೇ. ಪೆಟ್ರೋಲ್‌ಗೆ ದಿನಗಟ್ಟಲೆ ಸಾಲು, ದಿನಕ್ಕೆ 13 ಗಂಟೆವರೆಗೆ ಕರೆಂಟ್ ಇಲ್ಲ, ಅಡುಗೆ ಗ್ಯಾಸಿಲ್ಲ, ಔಷಧಿಯಿಲ್ಲ. ನನ್ನ ಕಣ್ಣಲ್ಲಿ ಕುಸಿತ ಅಂದರೆ ಜಾಸ್ತಿ ಹೀಗೇ ಇರುತ್ತದೆ. ಸಿನಿಮಾದ ಹಾಗೆ ಒಂದೇ ರಾತ್ರಿಯಲ್ಲಿ ಆಗುವುದಲ್ಲ, ಒಂದೊಂದೇ ವಸ್ತು ಅಂಗಡಿಯಿಂದ ಮಾಯವಾಗುತ್ತಾ ಹೋಗುವುದು. ಹಾಗಾಗಿ ಹಾಳೆ ತೆಗೆದುಕೊಂಡು ಬರೆಯಿರಿ: ನೀರು, ಕರೆಂಟ್, ಇಂಧನ, ಸಂಬಳ, ರೋಗ. ನಿಮ್ಮ ಮನೆಗೆ ಯಾವುದು ಮೊದಲು ಹೊಡೆಯುತ್ತದೆ?

2. ಇರುವ ಜಾಗಕ್ಕೇ ಮೊದಲು ಅಂಕ ಕೊಡಿ

ಎಲ್ಲರೂ ಊರು ಬಿಡಬೇಕಾಗಿಲ್ಲ. ಮನೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಬೇಕಾದವರಿದ್ದರೆ ದೊಡ್ಡ ಆಸ್ಪತ್ರೆಯ ಪಕ್ಕದಲ್ಲಿರುವುದೇ ಸರಿ. ಮೈಸೂರು, ದಾವಣಗೆರೆ, ಧಾರವಾಡದಂಥ ಊರಿನಲ್ಲಿ ಸ್ವಂತ ಮನೆ, ಹಿತ್ತಲಲ್ಲಿ ಬಾವಿ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಬಾವಿಯ ಹೂಳು ತೆಗೆಸಿ.

ಬೆಂಗಳೂರಿನ 14ನೇ ಮಹಡಿಯ ಕಥೆ ಬೇರೆ. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಬರಬೇಕು. ದಾರಿಯಲ್ಲಿ ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲೆತ್ತಬೇಕು. ಆಮೇಲೆ ನಿಮ್ಮ ಸಂಪಿನಿಂದ ಮೇಲಿನ ಟ್ಯಾಂಕಿಗೆ ಇನ್ನೊಂದು ಪಂಪು. ಕರೆಂಟ್ ಒಂದು ವಾರ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

3. ನೀರು. ಇಲ್ಲಿ ನಿಧಾನಿಸಿ

ನಾವು ಸಕಲೇಶಪುರದ ಕಡೆ ಮೊದಲ ಜಾಗ ನೋಡಿದ್ದು ಜನವರಿಯಲ್ಲಿ. ಜಮೀನಿನ ಅಂಚಿನಲ್ಲಿ ಜುಳುಜುಳು ಹಳ್ಳ. ಹೆಂಡತಿ ಅಲ್ಲೇ ಕಾಲು ಇಳಿಬಿಟ್ಟು ಕೂತಳು. ‘ವರ್ಷವಿಡೀ ಹರಿಯುತ್ತೆ ಸಾರ್’ ಅಂದ ಬ್ರೋಕರ್. ಏನೋ ಅನುಮಾನ ಬಂದು ಏಪ್ರಿಲ್ ಕೊನೆಯಲ್ಲಿ ಹೇಳದೆ ಕೇಳದೆ ಮತ್ತೆ ಹೋದೆವು. ಹಳ್ಳದಲ್ಲಿ ಬರೀ ಬಂಡೆ, ಒಣಗಿದ ಎಲೆ, ಒಂದು ಚಪ್ಪಲಿ. ಫೋನ್ ಮಾಡಿದರೆ ಆಸಾಮಿ ಹೇಳಿದ್ದು, ‘ಮಳೆ ಬಂದ್ರೆ ಬರುತ್ತಲ್ಲ ಸಾರ್.’ ಸುಳ್ಳೇನೂ ಅಲ್ಲ, ಅಲ್ವಾ?

ಹಾಗಾಗಿ ಮೊದಲ ನಿಯಮ: ನೀರು ನೋಡಲು ಏಪ್ರಿಲ್‌ನಲ್ಲಿ ಹೋಗಿ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ. ಮಲೆನಾಡಿನಲ್ಲೂ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ನಡೆಯುವ ಮನೆಗಳಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಬರ ಇಲ್ಲದ ಊರು ಅಂತ ಹುಡುಕುವುದೇ ದಂಡ. ಬರ ಬಂದಾಗಲೂ ನೀರು ಎಲ್ಲಿ ಉಳಿದಿತ್ತು ಅಂತ ಹುಡುಕಿ.

ಅದನ್ನು ತಿಳಿಯಲು ಬೋರ್‌ವೆಲ್ ನೋಡಬೇಡಿ, ತೆರೆದ ಬಾವಿ ನೋಡಿ. ಬೋರ್‌ವೆಲ್‌ಗೆ ಕರೆಂಟ್ ಬೇಕು. ಕೋಲಾರದ ಕಡೆಯ ಹಾಗೆ ಸಾವಿರ ಅಡಿ ದಾಟಿ ಕೊರೆದಿದ್ದರೆ ಕೈಯಲ್ಲಿ ನೀರೆತ್ತುವ ಮಾತೇ ಇಲ್ಲ. ಬಾವಿಯಾದರೆ ಹಗ್ಗ, ಕೊಡ ಸಾಕು. ಹಳೇ ಬಾವಿಯ ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳಿರುತ್ತವೆ. ಅದರೊಳಗೆ ಬೆರಳಾಡಿಸಿ. ನುಣ್ಣಗೆ, ಹೊಳಪಾಗಿದ್ದರೆ ಈಗಲೂ ಸೇದುತ್ತಾರೆ. ಧೂಳು, ಪಾಚಿ ಕೂತಿದ್ದರೆ ಬಿಟ್ಟು ವರ್ಷಗಳಾಗಿವೆ. ಒಳಗೆ ಬಗ್ಗಿ ನೋಡಿದರೆ ಗೋಡೆಯ ಮೇಲೆ ನೀರು ಇಳಿಯುತ್ತಾ ಬಂದ ಪಟ್ಟೆಗಳು ಕಾಣುತ್ತವೆ. ಆಮೇಲೆ ಊರಿನ ಹಿರಿಯರನ್ನು ಕೇಳಿ, ‘ಕೆರೆ ಕೊನೇ ಸಲ ಕೋಡಿ ಬಿದ್ದದ್ದು ಯಾವಾಗ?’ ‘ಇಂಥ ವರ್ಷ, ಇಂಥವರ ಮದುವೆ ಹೊತ್ತಿಗೆ’ ಅಂತ ಥಟ್ಟನೆ ಹೇಳಿದರೆ ಆ ಊರಿಗೆ ತನ್ನ ನೀರಿನ ಮೇಲೆ ಕಣ್ಣಿದೆ ಅಂತ ಅರ್ಥ.

ಮಳೆ ನೀರಿನ ಲೆಕ್ಕವನ್ನೂ ಹಾಕಿ. 1,000 ಚದರ ಅಡಿಯ ಸೂರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 93 ಲೀಟರ್. ವರ್ಷಕ್ಕೆ 700 ಮಿ.ಮೀ. ಬೀಳುವ ಬಯಲುಸೀಮೆಯ ಊರಾದರೆ 65,000 ಲೀಟರ್. ಐದನೇ ಒಂದು ಭಾಗ ಪೋಲು ಅಂದುಕೊಂಡರೂ 52,000 ಉಳಿಯಿತು. ಜಲ ಜೀವನ್ ಮಿಷನ್ ಲೆಕ್ಕದ ಹಾಗೆ ತಲೆಗೆ 55 ಲೀಟರ್ ಹಿಡಿದರೆ ನಾಲ್ಕು ಜನಕ್ಕೆ ಸುಮಾರು 235 ದಿನ ಬರುತ್ತದೆ. ಕುಡಿಯಲು, ಅಡುಗೆಗೆ ಮಾತ್ರ ಅಂದರೆ ದಿನಕ್ಕೆ 25 ಲೀಟರ್ ಸಾಕು. ಡಿಸೆಂಬರ್‌ನಿಂದ ಏಪ್ರಿಲ್ ದಾಟಿಸಲು 4,000 ಲೀಟರಿನ ಒಂದು ತೊಟ್ಟಿ. ಮಳೆ ಕಡಿಮೆ ಅಂತ ನಾವು ಮೂಗು ಮುರಿಯುವ ತುಮಕೂರಿನ ಸೀಮೆ ಈ ಲೆಕ್ಕದಲ್ಲಿ ಪಾಸ್.

4. ಹೊಟ್ಟೆಗೆ ಏನು ಬೆಳೆಯುತ್ತದೆ?

ಹಸಿರು ಕಂಡ ಕೂಡಲೇ ಮರುಳಾಗಬೇಡಿ. ಅಡಿಕೆ ತಿಂದು ಹೊಟ್ಟೆ ತುಂಬುವುದಿಲ್ಲ, ಕಾಫಿಯೂ ಅಷ್ಟೇ. ತೋಟದ ಊರುಗಳಿಗೆ ಅಕ್ಕಿ, ಬೇಳೆ ಬಹುಪಾಲು ಹೊರಗಿನಿಂದ ಬರುತ್ತದೆ. ಲಾರಿ ನಿಂತರೆ ಅಲ್ಲೂ ಕಷ್ಟವೇ.

ರಾಗಿಯ ಲೆಕ್ಕ ನೋಡಿ. ನಾಲ್ಕು ಜನಕ್ಕೆ ತಿಂಗಳಿಗೆ ತಲಾ 10 ಕಿಲೋ ಧಾನ್ಯ ಅಂದರೆ ವರ್ಷಕ್ಕೆ ಸುಮಾರು 5 ಕ್ವಿಂಟಲ್. ಮಳೆ ಕೈಕೊಡದಿದ್ದರೆ ಖುಷ್ಕಿಯ ಒಂದು ಎಕರೆಯಲ್ಲಿ 6–8 ಕ್ವಿಂಟಲ್ ನಿರೀಕ್ಷಿಸಬಹುದು. ಮಳೆ ಕೈಕೊಟ್ಟ ವರ್ಷ ಅರ್ಧ, ಇಲ್ಲವೇ ಬರೀ ಹುಲ್ಲು. ಅದಕ್ಕೇ ನಮ್ಮ ಹಿರಿಯರು ಒಳ್ಳೆ ವರ್ಷದ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ತೋಡಿದ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅಕ್ಕಿಯಾಗಿದ್ದರೆ ಅಷ್ಟರಲ್ಲಿ ಹುಳ ಹಿಡಿಯುತ್ತಿತ್ತು. ನೀವು ಉಳಲೇಬೇಕು ಅಂತಲ್ಲ. ಸುತ್ತಲಿನ ಹತ್ತು ಹಳ್ಳಿಯವರು ತಿನ್ನುವ ಬೆಳೆ ಬೆಳೆಯುತ್ತಾರಾ ಅಂತ ನೋಡಿ. ವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ತರಕಾರಿ ಮಾರುವವರು ‘ನಮ್ಮ ಹೊಲದ್ದು’ ಅನ್ನುತ್ತಾರೋ, ‘ಮಂಡಿಯಿಂದ ತಂದದ್ದು’ ಅನ್ನುತ್ತಾರೋ, ಕಿವಿಗೊಡಿ.

5. ಗುಡ್ಡ, ಹೊಳೆ, ಆನೆ

ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು, ಅದೇ ತಿಂಗಳು ಪಕ್ಕದ ವಯನಾಡು: ಎಲ್ಲ ಕಡೆ ಗುಡ್ಡ ಕುಸಿಯಿತು. ರಸ್ತೆಗೋ ಮನೆಗೋ ಅಂತ ಗುಡ್ಡವನ್ನು ನೇರ ಕೊರೆದ ಕಡೆ, ಅದರ ಮೇಲಾಗಲಿ ಕೆಳಗಾಗಲಿ, ಮನೆ ಬೇಡ. ಹೊಳೆ ಪಕ್ಕದ ಊರಾದರೆ 2009 ಮತ್ತು 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಕೃಷ್ಣಾ, ಮಲಪ್ರಭಾ ತೀರದವರು ಗೋಡೆ ಮೇಲೆ ಕೈಯಿಟ್ಟೇ ತೋರಿಸುತ್ತಾರೆ. ಸಕಲೇಶಪುರ, ಆಲೂರು, ಕೊಡಗಿನ ಕಡೆ ಆನೆ ಓಡಾಟವನ್ನೂ ವಿಚಾರಿಸಿ. ಬಾಳೆ ನೆಟ್ಟು ಬದುಕುವ ಪ್ಲಾನ್ ಇದ್ದವರಂತೂ ಖಂಡಿತ.

6. ದೂರ ಎಷ್ಟು?

ಒಂದು ಟ್ಯಾಂಕ್ ಪೆಟ್ರೋಲ್‌ನಲ್ಲಿ, ಬಂಕ್ ಮುಟ್ಟದೆ, ಸೇರುವಂತಿರಬೇಕು. ಕನಿಷ್ಠ ಎರಡು ದಾರಿ ಬೇಕು. ಒಂದರಲ್ಲಾದರೂ ಘಾಟಿ ಇರಬಾರದು. ಶಿರಾಡಿ ಮಳೆಗಾಲದಲ್ಲಿ ಬಂದ್ ಆಗುವುದು ನಮಗೆಲ್ಲ ಗೊತ್ತಿರುವುದೇ. ಹಾಗಂತ ಹೆದ್ದಾರಿಗೆ ಅಂಟಿಕೊಂಡೂ ಇರಬೇಡಿ. ಹೆದ್ದಾರಿಯಿಂದ ಹತ್ತು-ಹದಿನೈದು ಕಿ.ಮೀ. ಒಳಗೆ, ತಾಲ್ಲೂಕು ಆಸ್ಪತ್ರೆಗೆ ಸೈಕಲ್‌ನಲ್ಲಿ ಹೋಗಬಹುದಾದ ಹೋಬಳಿ ಊರು ನನಗೆ ಸರಿ ಅನ್ನಿಸುತ್ತದೆ. ಹಾವು ಕಚ್ಚಿದರೆ ಅಲ್ಲಿ ಇಂಜೆಕ್ಷನ್ ಇರುತ್ತದಾ ಅಂತ ಮೊದಲೇ ವಿಚಾರಿಸಿಡಿ.

7. ಊರಿನವರು ನಿಮ್ಮನ್ನು ಒಳಗೆ ಬಿಡುತ್ತಾರಾ?

2020ರ ಮಾರ್ಚ್ ನೆನಪಿದೆಯಾ? ಲಾಕ್‌ಡೌನ್ ಆದ ಕೂಡಲೇ ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳು, ಮರದ ದಿಮ್ಮಿ ಅಡ್ಡ ಹಾಕಿದವು. ಬೆಂಗಳೂರಿನಿಂದ ಬಂದ ಸ್ವಂತ ಊರಿನ ಹುಡುಗರನ್ನೇ ಹೊರಗೆ ನಿಲ್ಲಿಸಿದರು. ಹೆಸರು ಹಿಡಿದು ಕರೆಯುವವರು ಊರಲ್ಲಿದ್ದರೂ ಹಾಗಾಯಿತು. ಹಾಗಿದ್ದ ಮೇಲೆ ವಾರಾಂತ್ಯಕ್ಕೆ ಕಾರಿನಲ್ಲಿ ಬಂದು ಬೇಲಿ ಹಾಕಿಸಿ ಹೋಗುವ ‘ಫಾರ್ಮ್ ಹೌಸ್ ಸಾರ್’ ಗತಿಯೇನು? ಕಷ್ಟ ಬಂದ ದಿನ ಓಡಿ ಹೋದರೆ ನೀವು ಅಲ್ಲಿಗೆ ನೆಂಟರೂ ಅಲ್ಲ, ನಿರಾಶ್ರಿತರು.

ಅದಕ್ಕೇ ನನ್ನ ಪಟ್ಟಿಯಲ್ಲಿ ಈಗ ಮೊದಲು ಇರುವುದು ಅಜ್ಜಿಯ ಊರು. ಶಿರಾ ಕಡೆ. ಹಸಿರಿಲ್ಲ, ವ್ಯೂ ಪಾಯಿಂಟ್ ಇಲ್ಲ, ಬೇಸಿಗೆಯಲ್ಲಿ ಕೆಂಡ. ಆದರೆ ಬಸ್ ಇಳಿದರೆ ‘ಯಾರ ಮಗ ನೀನು?’ ಅಂತ ಕೇಳುವವರಿದ್ದಾರೆ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೂ ಇದೆ. ನಿಮಗೆ ಅಂಥ ಊರಿಲ್ಲದಿದ್ದರೆ ಗೆಳೆಯರದೋ, ಮನೆಗೆಲಸಕ್ಕೆ ಬರುವ ಅಕ್ಕನದೋ ಊರಿನಿಂದ ಶುರು ಮಾಡಿ. ಜಾತ್ರೆಗೆ ಹೋಗಿ, ಸಾವಿಗೂ ಹೋಗಿ.

8. ಕಾಗದ

ಕೊಳ್ಳುವುದಾದರೆ ಮಾತ್ರ. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ), ಇಸಿ (ಋಣಭಾರ ಪತ್ರ) ತೆಗೆಸಿ. ಪೋಡಿ, ಅಂದರೆ ಅಳತೆ ಮಾಡಿ ಜಮೀನಿನ ಪಾಲು ಬೇರೆ ಮಾಡುವುದು, ಆಗಿದೆಯಾ ನೋಡಿ. ದಿಶಾಂಕ್ ಆ್ಯಪ್ ಹಿಡಿದು ಜಮೀನಿನಲ್ಲಿ ನಿಂತರೆ ಸರ್ವೆ ನಂಬರ್ ಕಾಣುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಅದು ವಾಪಸ್ ಹೋಗುತ್ತದೆ, ಹೋಗಬೇಕಾದದ್ದೇ. ಉಳಿದದ್ದಕ್ಕೆ ತಾಲ್ಲೂಕಿನಲ್ಲೇ ಕೆಲಸ ಮಾಡುವ ವಕೀಲರನ್ನು ಹಿಡಿಯಿರಿ.

9. ಕೊಳ್ಳುವ ಮೊದಲು ಬಾಡಿಗೆಗೆ ಇರಿ

11 ತಿಂಗಳಿಗೆ ಒಂದು ಮನೆ ಹಿಡಿಯಿರಿ. ಮೇ ತಿಂಗಳಲ್ಲಿ ಒಂದು ವಾರ, ಜುಲೈನಲ್ಲಿ ಒಂದು ವಾರ ಇದ್ದು ನೋಡಿ. ಮೂರು ದಿನ ಮೇನ್ ಸ್ವಿಚ್ ಆಫ್ ಮಾಡಿ. ಗ್ಯಾಸ್ ಹಚ್ಚಬೇಡಿ. ಅಂಗಡಿಗೆ ನಡೆದೇ ಹೋಗಿ. ಏನೇನು ಇಲ್ಲ ಅಂತ ಚೀಟಿಯಲ್ಲಿ ಬರೆಯುತ್ತಾ ಹೋಗಿ.

ನಾವು ಹೋದ ಮೇ ತಿಂಗಳಲ್ಲಿ ಮಾಡಿದೆವು. ನನ್ನ ಚೀಟಿಯಲ್ಲಿ ಮೊದಲ ದಿನವೇ ಸೊಳ್ಳೆ ಪರದೆ, ಬೀಸುವ ಕಲ್ಲು, ಮಗನ ಕನ್ನಡಕದ ಇನ್ನೊಂದು ಜೊತೆ ಸೇರಿದವು. ಎರಡನೇ ದಿನ ಬಾವಿಯಿಂದ ಎಂಟು ಕೊಡ ಸೇದುವಷ್ಟರಲ್ಲಿ ಅಂಗೈ ಬೊಬ್ಬೆ ಬಂತು. ಪಕ್ಕದ ಮನೆಯ ಗೌರಮ್ಮತ್ತೆ ಕಟ್ಟೆ ಮೇಲೆ ಕೂತು ನೋಡುತ್ತಿದ್ದವರು ಎದ್ದು ಬಂದು, ಹಗ್ಗ ಕಿತ್ತುಕೊಂಡು, ‘ತೋಳಲ್ಲಿ ಎಳೀಬೇಡ್ವೋ, ಸೊಂಟ ಹಿಂದಕ್ಕೆ ಹಾಕು’ ಅಂದರು.