ಪೆಟ್ಟಾಗುವ ಮುಂಚೆಯೇ ಹಗುರ ಕೆಲಸದ ಪಟ್ಟಿ ಬರೆದಿಡಿ

ಸಣ್ಣ ವರ್ಕ್‌ಶಾಪ್ ನಡೆಸುವವರು ಒಂದೇ ಕೈಯಲ್ಲಿ, ಕೂತಲ್ಲೇ, ಭಾರ ಎತ್ತದೆ ಮಾಡಬಹುದಾದ ಕೆಲಸಗಳನ್ನು ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ: ಗೇಜ್ ಹಾಕಿ ಪೀಸ್ ಚೆಕ್ ಮಾಡುವುದು, ಸ್ಟೋರ್ ರಿಜಿಸ್ಟರ್, ಲೇಬಲ್ ಅಂಟಿಸುವುದು, ಹೊಸ ಹುಡುಗರಿಗೆ ಡ್ರಾಯಿಂಗ್ ಓದಲು ಕಲಿಸುವುದು. ಪೆಟ್ಟಾದವರು ಡಾಕ್ಟರ್ ಹತ್ತಿರ ಹೋಗುವಾಗ ಅದನ್ನು ಕೈಗೆ ಕೊಟ್ಟು ಕಳಿಸಿ. "ಕೆಲಸಕ್ಕೆ ಹೋಗಬಹುದಾ?" ಅಂತ ಸುಮ್ನೆ ಕೇಳಿದರೆ ಡಾಕ್ಟರ್ ಕಣ್ಣ ಮುಂದೆ ಬರುವುದು ಪ್ರೆಸ್ ಮೆಷಿನ್ನೇ ಅಲ್ವಾ, ಬೇಡ ಅಂದುಬಿಡುತ್ತಾರೆ. ಪಟ್ಟಿ ಇದ್ದರೆ ಯಾವುದು ಆಗುತ್ತದೆ, ಯಾವುದು ಬೇಡ ಅಂತ ಗುರುತು ಹಾಕಿಕೊಡಬಹುದು. ಪಳಗಿದ ಕೈ ಬೇಗ ವಾಪಸ್ ಬಂದರೆ ಬದಲಿ ಆಳಿನ ಕೂಲಿ, ಹಾಳಾಗುವ ಪೀಸು ಎರಡೂ ಕಡಿಮೆ. ಆದರೆ ಇಎಸ್‌ಐ (ಸರ್ಕಾರದ ನೌಕರರ ರಾಜ್ಯ ವಿಮೆ) ಇದ್ದವರನ್ನು ಫಿಟ್‌ನೆಸ್ ಸರ್ಟಿಫಿಕೇಟ್ ಸಿಗುವ ಮುಂಚೆ ಅರ್ಧ ದಿನಕ್ಕೂ ಕರೆಸಬೇಡಿ. ಕೆಲಸದಲ್ಲಿ ಪೆಟ್ಟಾದ ರಜೆಗೆ ಅಲ್ಲಿ ಸರಾಸರಿ ದಿನಗೂಲಿಯ ಶೇ. 90ರಷ್ಟು ಸಿಗುತ್ತದೆ. ದುಡಿದ ದಿನಕ್ಕೆ ಅದು ಸಿಗುವುದಿಲ್ಲ. ಹಗುರ ಕೆಲಸ ಅಂತ ಸಂಬಳ ಕತ್ತರಿಸಿದರೂ ಈ ಉಪಾಯ ನಡೆಯುವುದಿಲ್ಲ, ಯಾರು ಬರ್ತಾರೆ ಹೇಳಿ? ಇನ್ನು ಹೊಲಿಗೆ ಬಿಚ್ಚದ ಗಾಯಕ್ಕೆ ಕೂಲಂಟ್ (ಮೆಷಿನ್ ತಣ್ಣಗಿಡಲು ಸುರಿಯುವ ದ್ರವ), ಗ್ರೈಂಡಿಂಗ್ ಧೂಳು ತಾಗುವ ಜಾಗವಂತೂ ಬೇಡವೇ ಬೇಡ.